ಕೊಂಡಿಯನ್ನು ಸೇನಾಧಿಪತಿ ಮಾಡಬೇಡಿ

ನಮಸ್ಕಾರ.

ನಿಮ್ಮ ‘ಜೀವಕೋಶದ ಸೇನಾಧಿಪತಿ: ಜಿಆರ್‌ಬಿ2’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಎರಡು ಸಾಲಿನ ವಿಷಾದಪತ್ರ ಕಳುಹಿಸಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಕನ್ನಡದಲ್ಲಿ ಇಂಥ ವಿಷಯವನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ನಿಮಗೆ ವಿಷಯ ಗೊತ್ತಿದೆ, ಶ್ರಮವನ್ನೂ ಪಟ್ಟಿದ್ದೀರಿ. ಹಾಗಾಗಿ ಅನ್ನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನನ್ನ ದೊಡ್ಡ ತಕರಾರು ಶೀರ್ಷಿಕೆಯಲ್ಲೇ ಇದೆ. ಸೇನಾಧಿಪತಿ ಆಜ್ಞೆ ಕೊಡುತ್ತಾನೆ. ಜೀವಕೋಶದೊಳಗಿನ ಜಿಆರ್‌ಬಿ2 ಪ್ರೋಟೀನು ಯಾರಿಗೂ ಆಜ್ಞೆ ಕೊಡುವುದಿಲ್ಲ. ಅದು ಕಿಣ್ವವಲ್ಲ, ಏನನ್ನೂ ಕತ್ತರಿಸುವುದಿಲ್ಲ, ಯಾವುದಕ್ಕೂ ಫಾಸ್ಫೇಟ್ ಅಂಟಿಸುವುದಿಲ್ಲ. 217 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ನಡುವೆ ಒಂದು ಎಸ್‌ಎಚ್2 ಭಾಗ, ಅದರ ಎರಡೂ ಬದಿಗೆ ಒಂದೊಂದು ಎಸ್‌ಎಚ್3 ಭಾಗ. ಮೂರೂ ಹಿಡಿದುಕೊಳ್ಳುವ ಭಾಗಗಳೇ. ಹಿಡಿಯುವುದನ್ನು ಬಿಟ್ಟರೆ ಬೇರೆ ಕಸುಬು ಅದಕ್ಕೆ ಗೊತ್ತಿಲ್ಲ. ಹಾಗಿದ್ದೂ ಅದಿಲ್ಲದ ಇಲಿಯ ಭ್ರೂಣ ಬೆಳವಣಿಗೆಯ ಆರಂಭದಲ್ಲೇ ಸಾಯುತ್ತದೆ. ತಾನಾಗಿ ಏನನ್ನೂ ಮಾಡದ ಪ್ರೋಟೀನೊಂದು ಇಲ್ಲವಾದರೆ ಜೀವ ಏಕೆ ನಿಲ್ಲಬೇಕು? ನಿಮ್ಮ ನಾಲ್ಕು ಪುಟಗಳಲ್ಲಿ ಈ ಪ್ರಶ್ನೆ ಒಮ್ಮೆಯೂ ತಲೆಯೆತ್ತಲಿಲ್ಲ. ‘ಪ್ರಚೋದಿಸುತ್ತದೆ’, ‘ಆದೇಶಿಸುತ್ತದೆ’, ‘ನಿಯಂತ್ರಿಸುತ್ತದೆ’ ಎಂಬ ಕ್ರಿಯಾಪದಗಳು ಅದಕ್ಕೆ ಜಾಗವನ್ನೇ ಉಳಿಸಿಲ್ಲ.

‘ಅಡಾಪ್ಟರ್ ಪ್ರೋಟೀನ್’ ಎಂಬ ಮಾತನ್ನು ವಿವರಿಸಲು ನೀವು ಮೊಬೈಲ್ ಚಾರ್ಜರಿನ ಅಡಾಪ್ಟರನ್ನು ತಂದಿದ್ದೀರಿ. ಓದುಗರಿಗೆ ಪರಿಚಿತವಾದ ವಸ್ತು ಎಂಬುದು ನಿಜ. ಆದರೆ ಚಾರ್ಜರು ವಿದ್ಯುತ್ತನ್ನೇ ಬದಲಿಸಿ ಕೊಡುತ್ತದೆ. ಜಿಆರ್‌ಬಿ2 ತನ್ನ ಮೂಲಕ ಹೋಗುವ ಯಾವುದನ್ನೂ ಬದಲಿಸುವುದಿಲ್ಲ; ಅದರ ಮೂಲಕ ಏನೂ ಹೋಗುವುದೂ ಇಲ್ಲ. ನಮ್ಮಲ್ಲಿ ‘ಕೊಂಡಿ’ ಎಂಬ ಸೊಗಸಾದ ಪದವಿದೆ. ಸರದ ಎರಡು ತುದಿಗಳನ್ನು ಸೇರಿಸುವುದು ಕೊಂಡಿ. ಒಮ್ಮೆ ‘ಅಡಾಪ್ಟರ್’ ಎಂದು ಹೇಳಿ, ಅಲ್ಲಿಂದ ಮುಂದೆ ‘ಕೊಂಡಿ ಪ್ರೋಟೀನು’ ಎಂದೇ ಬರೆಯಿರಿ.

ಈಗ ನಿಮ್ಮ ಒಂದು ವಾಕ್ಯವನ್ನು ಬಿಡಿಸಿ ನೋಡೋಣ. ‘ಜಿಆರ್‌ಬಿ2 ಸಾಸ್ ಅನ್ನು ಸಕ್ರಿಯಗೊಳಿಸಿ ರಾಸ್ ಸಂಕೇತಮಾರ್ಗವನ್ನು ಪ್ರಚೋದಿಸುತ್ತದೆ.’ ವ್ಯಾಕರಣ ಸರಿಯಿದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಸಾಸ್, ರಾಸ್ ಎರಡೂ ಪ್ರೋಟೀನುಗಳು; ರಾಸ್ ಬೆಳವಣಿಗೆಯ ಸಂಕೇತವನ್ನು ಮುಂದೆ ಸಾಗಿಸುವ ಸ್ವಿಚ್ಚು, ಸಾಸ್ ಅದನ್ನು ಹಾಕುವ ಕೈ ಎಂದಾದರೂ ಹೇಳಬೇಕಿತ್ತು. ನಡೆಯುವುದನ್ನು ನಡೆದ ಕ್ರಮದಲ್ಲೇ ಹೇಳಿ. ಬೆಳವಣಿಗೆಯ ಸಂಕೇತ ಹೊತ್ತ ಅಣು ಕೋಶದ ಹೊರಮೈಗೆ ಬಂದು, ಸಂಕೇತ ಹಿಡಿಯಲೆಂದೇ ಪೊರೆಯಲ್ಲಿ ನಿಂತಿರುವ ಗ್ರಾಹಿ ಎಂಬ ಪ್ರೋಟೀನನ್ನು ಕೂಡುತ್ತದೆ. ಎರಡು ಗ್ರಾಹಿಗಳು ಜೋಡಿಯಾಗುತ್ತವೆ. ಕೋಶದೊಳಕ್ಕೆ ಚಾಚಿರುವ ಅವುಗಳ ಬಾಲಗಳಲ್ಲಿ ಟೈರೋಸಿನ್ ಎಂಬ ಅಮೈನೋ ಆಮ್ಲಗಳಿವೆ. ಒಂದು ಗ್ರಾಹಿ ಇನ್ನೊಂದರ ಟೈರೋಸಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಕೊಂಡಿಗೆ ಬೇಕಾದದ್ದು ಇಷ್ಟೇ. ಅದರ ಎಸ್‌ಎಚ್2 ಭಾಗದಲ್ಲೊಂದು ಪುಟ್ಟ ಗುಳಿಯಿದೆ. ಗುಳಿಯ ತಳದಲ್ಲಿ ಧನ ವಿದ್ಯುದಂಶದ ಆರ್ಜಿನಿನ್ ಕಾದು ಕುಳಿತಿದೆ. ಋಣ ವಿದ್ಯುದಂಶದ ಫಾಸ್ಫೇಟ್ ಬಂದು ಅಲ್ಲಿ ಕೂರುತ್ತದೆ. ಫಾಸ್ಫೇಟ್ ಇಲ್ಲದ ಬರಿಯ ಟೈರೋಸಿನ್ ಬಂದರೆ ಹಿಡಿತ ಸಿಗುವುದಿಲ್ಲ. ಫಾಸ್ಫೇಟ್ ಇದ್ದರಷ್ಟೇ ಸಾಲದು, ಟೈರೋಸಿನ್‌ನಿಂದ ಎರಡು ಸ್ಥಾನ ಮುಂದೆ ಆಸ್ಪರಜಿನ್ ಕೂಡ ಇರಬೇಕು. ಜಿಆರ್‌ಬಿ2 ತನ್ನ ತಾಣವನ್ನು ಗುರುತಿಸುವುದು ಹೀಗೆ.

ಇನ್ನೊಂದು ಕಡೆ, ಅದರ ಎಸ್‌ಎಚ್3 ಭಾಗಗಳು ಸಾಸ್ ಪ್ರೋಟೀನಿನ ಪ್ರೋಲಿನ್ ತುಂಬಿದ ಬಾಲವನ್ನು ಮೊದಲೇ ಹಿಡಿದುಕೊಂಡಿರುತ್ತವೆ. ಕೊಂಡಿ ಗ್ರಾಹಿಗೆ ಸಿಕ್ಕಿಕೊಂಡ ಕೂಡಲೇ ಸಾಸ್ ಕೂಡ ಕೋಶಪೊರೆಯ ಬಳಿ ಬಂತು. ರಾಸ್ ಇರುವುದೂ ಅಲ್ಲೇ, ಕೊಬ್ಬಿನ ಬಾಲವನ್ನು ಪೊರೆಯಲ್ಲಿ ಹೂತುಕೊಂಡು. ಕೋಶರಸದ ಉದ್ದಗಲದಲ್ಲಿ ಅಲೆಯುತ್ತಿದ್ದ ಸಾಸ್‌ಗೆ ಈಗ ರಾಸ್ ಕೈಗೆಟಕುವ ದೂರದಲ್ಲಿದೆ. ಪೊರೆಯ ಸಹವಾಸದಲ್ಲಿ ಸಾಸ್ ತಾನೂ ಚುರುಕಾಗುತ್ತದೆ. ಅದು ರಾಸ್‌ನ ಹಿಡಿತವನ್ನು ಸಡಿಲಿಸುತ್ತದೆ. ರಾಸ್ ಹಿಡಿದಿದ್ದ ಗ್ವಾನೊಸಿನ್ ಡೈಫಾಸ್ಫೇಟ್ (ಜಿಡಿಪಿ) ಎಂಬ ಪುಟ್ಟ ಅಣು ಹೊರಬೀಳುತ್ತದೆ, ರಾಸ್ ಅನ್ನು ಚುರುಕಾಗಿಸುವ ಗ್ವಾನೊಸಿನ್ ಟ್ರೈಫಾಸ್ಫೇಟ್ (ಜಿಟಿಪಿ) ಒಳಸೇರುತ್ತದೆ, ಸಂಕೇತ ಮುಂದೆ ಹರಿಯುತ್ತದೆ. ಜಿಆರ್‌ಬಿ2 ಸಾಸ್‌ಗೆ ಕೊಟ್ಟದ್ದು ಜಾಗ. ಈ ಒಂದು ಮಾತು ಓದುಗರ ಮನಸ್ಸಿನಲ್ಲಿ ಉಳಿಯುವಂತೆ ಬರೆದರೆ ನಿಮ್ಮ ಲೇಖನ ಗೆದ್ದಂತೆ. ರಾಸ್ ನಂತರದ ಸಾಲುಗಟ್ಟಲೆ ಕಿಣ್ವಗಳ ಹೆಸರನ್ನು ಧಾರಾಳವಾಗಿ ಬಿಟ್ಟುಬಿಡಿ.

ಪದಗಳ ಬಗ್ಗೆ ಎರಡು ಮಾತು. ನೀವು ಎಲ್ಲೆಡೆ ‘ಗ್ರಾಹಕ’ ಎಂದು ಬರೆದಿದ್ದೀರಿ. ಪಠ್ಯಪುಸ್ತಕಗಳ ಬಳಕೆ ಇರಬಹುದು, ಆದರೆ ‘ಗ್ರಾಹಕರು ಪೊರೆಯ ಮೇಲೆ ಕಾಯುತ್ತಿರುತ್ತಾರೆ’ ಎಂಬಲ್ಲಿ ನನಗೆ ಅಂಗಡಿಯ ಮುಂದಿನ ಸಾಲು ಕಂಡಿತು. ‘ಗ್ರಾಹಿ’ ಎಂದರೆ ಈ ಗೊಂದಲವಿಲ್ಲ. ಜಿಡಿಪಿ ಎಂದಾಗ ಪತ್ರಿಕೆ ಓದುವವರಿಗೆ ಮೊದಲು ನೆನಪಾಗುವುದು ದೇಶದ ಆರ್ಥಿಕತೆ. ಮೊದಲ ಸಲ ಗ್ವಾನೊಸಿನ್ ಡೈಫಾಸ್ಫೇಟ್ ಎಂದು ಪೂರ್ತಿಯಾಗಿ ಬರೆಯಿರಿ. ವಂಶವಾಹಿ ಮತ್ತು ಪ್ರೋಟೀನು ಎರಡಕ್ಕೂ ಒಂದೇ ಹೆಸರು ಇರುವುದರಿಂದ ‘ಈ ವಂಶವಾಹಿ ಪೊರೆಯತ್ತ ಧಾವಿಸುತ್ತದೆ’ ಎಂಬ ತಪ್ಪು ನುಸುಳಿದೆ. ವಂಶವಾಹಿ 17ನೇ ವರ್ಣತಂತುವಿನ ಉದ್ದ ತೋಳಿನಲ್ಲಿ ತನ್ನ ಪಾಡಿಗೆ ತಾನಿರುತ್ತದೆ, ಓಡಾಡುವುದು ಪ್ರೋಟೀನು. ಅಂದಹಾಗೆ, ಈ ವಿಳಾಸದಿಂದ ಲೇಖನ ಆರಂಭಿಸಬೇಡಿ. ವ್ಯಕ್ತಿಯ ಪರಿಚಯವೇ ಇಲ್ಲದಿರುವಾಗ ಮನೆ ನಂಬರು ಯಾರಿಗೆ ಬೇಕು?

ಕ್ಯಾನ್ಸರ್ ಕುರಿತ ಪ್ಯಾರಾವನ್ನು ಪೂರ್ತಿಯಾಗಿ ತೆಗೆದು ಮತ್ತೆ ಬರೆಯಬೇಕು. ‘ಕ್ಯಾನ್ಸರ್ ತರುವ ಈ ವಂಶವಾಹಿ’ ಎಂದು ಬರೆದಿದ್ದೀರಿ. ಇದು ಎಲ್ಲ ಮನುಷ್ಯರಲ್ಲೂ ಇರುವ, ಇಲ್ಲದೆ ನಡೆಯದ ವಂಶವಾಹಿ. ಮೈಲಾಯ್ಡ್ ರಕ್ತಕ್ಯಾನ್ಸರಿನ ದೀರ್ಘಕಾಲಿಕ ರೂಪದಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಬೆಸುಗೆ ಪ್ರೋಟೀನು ಹುಟ್ಟುತ್ತದೆ. ಅದರ 177ನೇ ಸ್ಥಾನದ ಟೈರೋಸಿನ್‌ಗೆ ಫಾಸ್ಫೇಟ್ ಸೇರಿದಾಗ ಜಿಆರ್‌ಬಿ2 ಅಲ್ಲಿಗೆ ಕೊಂಡಿ ಹಾಕುತ್ತದೆ. ಕೊಂಡಿ ಸರಿಯಾಗಿಯೇ ಇದೆ. ಅದು ಹಿಡಿದುಕೊಂಡದ್ದು ಕೆಟ್ಟುಹೋಗಿದೆ. ಇಮ್ಯಾಟಿನಿಬ್ ಔಷಧ ತಡೆಯುವುದೂ ಆ ಬೆಸುಗೆ ಪ್ರೋಟೀನಿನ ಕಿಣ್ವಶಕ್ತಿಯನ್ನೇ. ಈ ಕಾಯಿಲೆ ಇರುವ ಮನೆಯವರೂ ನಿಮ್ಮ ಲೇಖನ ಓದುತ್ತಾರೆ. ಒಂದು ಸಡಿಲ ವಿಶೇಷಣದಿಂದ ಅವರಿಗೆ ಸಲ್ಲದ ಭಯ ಹುಟ್ಟಬಾರದು.

ಇನ್ನು ನಿಮ್ಮ ಒಂಬತ್ತನೆಯ ಪ್ಯಾರಾ. ಒಂದು ಮಿಲಿಮೀಟರ್ ಉದ್ದದ ದುಂಡುಹುಳುವನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ, ನನಗೆ ಸಂಕಟವಾಯಿತು. 1992ರಲ್ಲಿ ಮನುಷ್ಯನ ಜಿಆರ್‌ಬಿ2 ಮತ್ತು ಆ ಹುಳುವಿನಲ್ಲಿ ಅದಕ್ಕೆ ಸಾಟಿಯಾದ ಸೆಮ್-5 ಎರಡೂ ಬೆಳಕಿಗೆ ಬಂದವು. ಎರಡರಲ್ಲೂ ಅದೇ ಜೋಡಣೆ: ಎಸ್‌ಎಚ್3, ಎಸ್‌ಎಚ್2, ಎಸ್‌ಎಚ್3. ಸೆಮ್-5 ಕೆಟ್ಟರೆ ಹುಳುವಿನಲ್ಲಿ ಮೊಟ್ಟೆ ಹೊರಹೋಗುವ ದ್ವಾರ ಸರಿಯಾಗಿ ರೂಪುಗೊಳ್ಳುವುದಿಲ್ಲ. 1993ರ ಪ್ರಯೋಗದಲ್ಲಿ ಅಂಥ ಹುಳುವಿಗೆ ಮನುಷ್ಯನ ಜಿಆರ್‌ಬಿ2 ವಂಶವಾಹಿಯನ್ನು ಕೊಟ್ಟಾಗ ಅದು ಸೆಮ್-5ರ ಕೆಲಸವನ್ನು ನಿಭಾಯಿಸಿತು. ಹಣ್ಣಿನ ನೊಣದ ಇದೇ ಬಗೆಯ ವಂಶವಾಹಿಯೂ ನಿಭಾಯಿಸಿತು. ಹುಳು, ನೊಣ, ಮನುಷ್ಯ ಕವಲೊಡೆದು ಕೋಟಿಗಟ್ಟಲೆ ವರ್ಷಗಳಾದರೂ ಕೊಂಡಿಯ ಅಳತೆ ಇನ್ನೂ ಹೊಂದುತ್ತದೆ! ಸಾಸ್‌ನ ಹೆಸರೂ ನೊಣದ ಕಣ್ಣಿನಿಂದ ಬಂದದ್ದು. ಸೆವೆನ್‌ಲೆಸ್ ಎಂಬ ಗ್ರಾಹಿ ಕೆಟ್ಟರೆ ನೊಣದ ಪ್ರತಿ ಕಿರುಗಣ್ಣಿನಲ್ಲೂ ಏಳನೆಯ ಬೆಳಕುಗ್ರಾಹಿ ಕೋಶ ಇಲ್ಲವಾಗುತ್ತದೆ. ಅದೇ ಹಾದಿಯಲ್ಲಿ ಮುಂದೆ ಸಿಕ್ಕ ವಂಶವಾಹಿಗೆ ‘ಸನ್ ಆಫ್ ಸೆವೆನ್‌ಲೆಸ್’, ಅಂದರೆ ಸೆವೆನ್‌ಲೆಸ್‌ನ ಮಗ, ಎಂದು ಹೆಸರಿಟ್ಟರು. ಇಷ್ಟನ್ನು ಕೈಯಲ್ಲಿಟ್ಟುಕೊಂಡು ಸೇನಾಧಿಪತಿಯನ್ನು ಹುಡುಕಿಕೊಂಡು ಏಕೆ ಹೋದಿರಿ?

ಲೇಖನ ಹುಳುವಿನಿಂದಲೇ ಆರಂಭವಾಗಲಿ. ಇಡೀ ಲೇಖನವನ್ನು ಈಗಲೇ ತಿದ್ದಲು ಹೋಗಬೇಡಿ. ಆ ಪ್ಯಾರಾ ಒಂದನ್ನು ಮಾತ್ರ, ಸುಮಾರು ಇನ್ನೂರು ಪದಗಳಲ್ಲಿ, ಹೊಸದಾಗಿ ಬರೆದು ಕಳುಹಿಸಿ. ಅದನ್ನು ನೋಡಿ ಉಳಿದದ್ದರ ಬಗ್ಗೆ ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕ