ಸಾಹಿತ್ಯದಲ್ಲಿ ರೇಸಿಸಂ ಬಗ್ಗೆ ಪ್ರಬಂಧ ಬರೆಯಬೇಕು, ಲೈಬ್ರರಿಯಲ್ಲಿ ಎಲ್ಲಿಂದ ಶುರು ಮಾಡಲಿ?

ನಿಮ್ಮ ಕಷ್ಟ ನನಗೆ ಅರ್ಥವಾದದ್ದು ಹೀಗೆ: ಎಂ.ಎ. ಇಂಗ್ಲಿಷ್ ಮೂರನೇ ಸೆಮಿಸ್ಟರು. ಅಮೆರಿಕನ್ ಸಾಹಿತ್ಯದಲ್ಲಿ ರೇಸಿಸಂ ಬಗ್ಗೆ ಕಿರುಪ್ರಬಂಧ ಕೊಡಬೇಕು. ಕಾಲೇಜಿನ ಕ್ಯಾಟಲಾಗಿನಲ್ಲಿ ‘ರೇಸಿಸಂ’ ಎಂದು ಹುಡುಕಿದರೆ ನಾಲ್ಕೇ ಪುಸ್ತಕ ಬರುತ್ತವೆ, ಗೂಗಲ್‌ನಲ್ಲಿ ಹುಡುಕಿದರೆ ಎಣಿಕೆಗೆ ಸಿಗದಷ್ಟು. ಎರಡರಲ್ಲೂ ದಾರಿ ಕಾಣುತ್ತಿಲ್ಲ.

ನಾನೂ ಇದೇ ಜಾಗದಲ್ಲಿ ತಡವರಿಸಿದವನು. ಎಂ.ಫಿಲ್. ಮಾಡುವಾಗ ಕಾರ್ಡ್ ಕ್ಯಾಟಲಾಗಿನ ಕಾಲ. ಮರದ ಡ್ರಾಯರುಗಳಲ್ಲಿ ‘ಆರ್’ ಇದ್ದದ್ದನ್ನು ಎಳೆದು ಅರ್ಧ ದಿನ ತಡಕಾಡಿದರೂ ಮೂರು ಕಾರ್ಡು ಸಿಕ್ಕವು. ಮುಖ ಸಪ್ಪಗೆ ಮಾಡಿಕೊಂಡು ಹೊರಟವನನ್ನು ಅಲ್ಲಿನ ಹಿರಿಯ ಗ್ರಂಥಪಾಲಕರು ತಡೆದು, “ಸರ, ‘ಎನ್’ ಡ್ರಾಯರ್ ನೋಡ್ರಿ” ಅಂದರು. ‘ಎನ್’ ತೆಗೆದರೆ ‘ನೀಗ್ರೋಸ್’ ಎಂಬ ಶೀರ್ಷಿಕೆಯ ಕೆಳಗೆ ಗೇಣುದ್ದ ಕಾರ್ಡು. ನಾನು ಹುಡುಕುತ್ತಿದ್ದದ್ದೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು.

ನಾನು ನಿಮಗೆ ಹೇಳುವುದೂ ಅದನ್ನೇ. ನೀವು ಹುಡುಕುತ್ತಿರುವ ವಿಷಯಕ್ಕೆ ಇವತ್ತಿನ ಪದ ಬೇರೆ, ಪುಸ್ತಕ ಬರೆದ ಕಾಲದ ಪದ ಬೇರೆ, ಅದನ್ನು ಕಪಾಟಿಗೆ ಸೇರಿಸಿದ ಗ್ರಂಥಪಾಲಕರ ಪದ ಇನ್ನೂ ಬೇರೆ. ‘ರೇಸಿಸಂ’ ಎಂಬ ಮಾತೇ 20ನೇ ಶತಮಾನದ ಶುರುವಿನಲ್ಲಿ ಬಳಕೆಗೆ ಬಂದದ್ದು. ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ, ಮುನ್ನುಡಿಗಳಲ್ಲಿ ಅದನ್ನು ಹುಡುಕಿದರೆ ಏನು ಸಿಕ್ಕೀತು?

ನಮ್ಮ ದೊಡ್ಡ ಲೈಬ್ರರಿಗಳು ವಿಷಯ ಶೀರ್ಷಿಕೆಗಳನ್ನು ಹೆಚ್ಚಾಗಿ ಎರವಲು ತರುವುದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿಯಿಂದ. ಅಲ್ಲಿ ‘ನೀಗ್ರೋಸ್’ ಎಂಬುದು 1970ರ ದಶಕದ ಮಧ್ಯದವರೆಗೆ ನಡೆಯಿತು. ಆಮೇಲೆ ‘ಆಫ್ರೋ-ಅಮೆರಿಕನ್ಸ್’ ಬಂತು. ‘ಆಫ್ರಿಕನ್ ಅಮೆರಿಕನ್ಸ್’ ಆಗಲು 2000ನೇ ಇಸವಿ ಬರಬೇಕಾಯಿತು. ಈಚಿನ ವರ್ಷಗಳಲ್ಲಿ ‘ಸ್ಲೇವ್ಸ್’ ಹೋಗಿ ‘ಎನ್‌ಸ್ಲೇವ್ಡ್ ಪರ್ಸನ್ಸ್’ ಆಗಿದೆ. ಹೊಸ ಪಟ್ಟಿ ಬಂತೆಂದು ನಿಮ್ಮ ಕಾಲೇಜಿನವರು ಹಳೆಯ ದಾಖಲೆಗಳನ್ನೆಲ್ಲ ತಿದ್ದಿರುತ್ತಾರೆ ಎಂದುಕೊಳ್ಳಬೇಡಿ. ಕಂಪ್ಯೂಟರು ಬಂದಾಗ ಹಳೆಯ ಕಾರ್ಡನ್ನು ನೋಡಿ ಹಾಗೆ ಹಾಗೇ ಟೈಪು ಮಾಡಿರುವ ಕಡೆಗಳೇ ಜಾಸ್ತಿ. ಹಾಗಾಗಿ ಈ ಐದೂ ಪದಗಳನ್ನು ಹಾಕಿ ನೋಡಿ. ಜೊತೆಗೆ ‘ರೇಸ್ ಇನ್ ಲಿಟರೇಚರ್’, ‘ರೇಸ್ ರಿಲೇಶನ್ಸ್ ಇನ್ ಲಿಟರೇಚರ್’, ‘ಪಾಸಿಂಗ್’ ಎಂದೂ ಹುಡುಕಿ. ಕರಿಯರೆಂದು ಎಣಿಸಲ್ಪಟ್ಟವರು ಬಿಳಿಯರೆಂದು ಹೇಳಿಕೊಂಡು ಬದುಕುವ ಕತೆಗಳು ಆ ಕೊನೆಯ ಪದದಡಿ ಸಿಗುತ್ತವೆ. ಒಳ್ಳೆಯ ಪುಸ್ತಕ ಒಂದು ಸಿಕ್ಕರೆ ಅದರ ದಾಖಲೆ ತೆರೆದು ‘ಸಬ್ಜೆಕ್ಟ್’ ಎಂಬಲ್ಲಿ ಏನಿದೆ ನೋಡಿ, ಆ ಪದವನ್ನೇ ಒತ್ತಿ. ನಾಲ್ಕು ನಲವತ್ತಾಗುತ್ತದೆ.

ನಡುವೆ ಒಂದು ಮಾತು. ನೀವು ಪ್ರಶ್ನೆಯಲ್ಲಿ ಒಮ್ಮೆ ‘ಜನಾಂಗಭೇದ’, ಒಮ್ಮೆ ‘ವರ್ಣಭೇದ’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ಎರಡೂ ಜಾರುವ ಪದಗಳೇ. ನಮ್ಮಲ್ಲಿ ಜಾತಿ ಸಮಾವೇಶದ ಬ್ಯಾನರಿನಲ್ಲೂ ‘ನಮ್ಮ ಜನಾಂಗ’ ಇರುತ್ತದೆ, ಭಾಷಣದಲ್ಲಿ ‘ಯುವ ಜನಾಂಗ’ವೂ ಇರುತ್ತದೆ. ‘ವರ್ಣ’ ಎಂದ ಕೂಡಲೇ ಚಾತುರ್ವರ್ಣ್ಯ ಬಂದು ಕೂರುತ್ತದೆ. ಪ್ರಬಂಧ ಇಂಗ್ಲಿಷಿನಲ್ಲೇ ಇದ್ದರೂ ಟಿಪ್ಪಣಿ ಮಾಡಿಕೊಳ್ಳುವಾಗ ನಾನು ‘ರೇಸ್’ ಎಂದೇ ಬರೆದುಕೊಳ್ಳುತ್ತೇನೆ. ಅನುವಾದದಲ್ಲಿ ಯೋಚನೆ ಜಾರಿಹೋಗದಿರಲಿ ಎಂದು.

ಕಪಾಟಿನ ಸಂಖ್ಯೆಗಳಲ್ಲೂ ಇದೇ ಇತಿಹಾಸ ಅಂಟಿಕೊಂಡಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಿ ಆಫ್ರಿಕನ್ ಅಮೆರಿಕನ್ ಲೇಖಕರ ಬಗೆಗಿನ ವಿಮರ್ಶೆ ಇರುವುದು ಪಿಎಸ್ 153.ಎನ್5 ಎಂಬಲ್ಲಿ. ಆ ‘ಎನ್’ ಯಾವ ಪದದ್ದು ಎಂದು ಬೇರೆ ಹೇಳಬೇಕಿಲ್ಲ. ಶೀರ್ಷಿಕೆ ಬದಲಾದರೂ ಸಂಖ್ಯೆ ಅಲ್ಲೇ ಉಳಿದಿದೆ. ನಿಮ್ಮ ಕಾಲೇಜಿನಲ್ಲಿ ಡ್ಯೂಯಿ ಪದ್ಧತಿ ಇರುವ ಸಂಭವ ಹೆಚ್ಚು. ಅಲ್ಲಿ ಕಾದಂಬರಿ 813ರಲ್ಲಿ, ಗುಲಾಮಗಿರಿ 326ರಲ್ಲಿ, ಸಮಾಜಶಾಸ್ತ್ರದ ಪುಸ್ತಕಗಳು 305.8ರಲ್ಲಿ ಚದುರಿರುತ್ತವೆ. ಮೂರೂ ಕಪಾಟಿನ ಮುಂದೆ ನಿಲ್ಲಬೇಕು.

ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ ಡೊರೋತಿ ಪೋರ್ಟರ್ ಎಂಬ ಗ್ರಂಥಪಾಲಕಿ ಇದ್ದರು. 1930ರಿಂದ 1973ರವರೆಗೆ ಕರಿಯರ ಬರಹಗಳ ಸಂಗ್ರಹವನ್ನು ಕಟ್ಟಿದವರು. ಬಿಳಿಯರ ಲೈಬ್ರರಿಗಳಲ್ಲಿ ಕರಿಯ ಲೇಖಕರು ಏನೇ ಬರೆದರೂ ಎರಡೇ ಜಾಗ ಎಂದು ಅವರು ಹೇಳುತ್ತಿದ್ದರು: 326, ಅಂದರೆ ಗುಲಾಮಗಿರಿ. ಇಲ್ಲವೇ 325, ಅಂದರೆ ವಸಾಹತು. ಜೇಮ್ಸ್ ವೆಲ್ಡನ್ ಜಾನ್ಸನ್ ಅವರ ಕವನ ಸಂಕಲನ ಕೂಡ 325ರಲ್ಲಿ! ಪೋರ್ಟರ್ ಅದನ್ನು ಒಪ್ಪದೆ, ಕವಿತೆಯನ್ನು ಕವಿತೆಯ ಕಪಾಟಿಗೆ, ಚರಿತ್ರೆಯನ್ನು ಚರಿತ್ರೆಯ ಕಪಾಟಿಗೆ ಸೇರಿಸಿದರು. ಕವಿಯನ್ನು ಕವಿ ಎಂದು ಎಣಿಸುವುದೋ ಬೇಡವೋ ಎಂಬ ತೀರ್ಪು ವಿಮರ್ಶಕರ ಕೈಗೆ ಬರುವ ಮೊದಲೇ ಪುಸ್ತಕದ ಬೆನ್ನಿನ ಚೀಟಿಯಲ್ಲಿ ಆಗಿಹೋಗಿರುತ್ತಿತ್ತು. ನಿಮ್ಮ ಪ್ರಬಂಧದ ಒಂದು ಅಧ್ಯಾಯಕ್ಕೆ ಇದೇ ಸಾಕು ಎನ್ನುವುದು ನನ್ನ ಅನಿಸಿಕೆ. ಗೈಡ್ ಒಪ್ಪಬೇಕು, ಅಷ್ಟೆ.

ಈಗ ಮುಖ್ಯ ವಿಷಯ. ‘ಅಮೆರಿಕನ್ ಸಾಹಿತ್ಯದಲ್ಲಿ ರೇಸಿಸಂ’ ಎನ್ನುವುದು ಕಿರುಪ್ರಬಂಧದ ವಿಷಯವಲ್ಲ, ಅದು ಹತ್ತು ಜನರ ಜೀವಮಾನದ ಕೆಲಸ. ಒಂದು ಪುಸ್ತಕ ಹಿಡಿಯಿರಿ. ಆಮೇಲೆ ಅದರ ಬಗ್ಗೆ ಯಾರ್‍ಯಾರು ಏನೆಂದರು ಎಂಬುದಕ್ಕಿಂತ ಮೊದಲು ಆ ಪುಸ್ತಕದ ಕಾಗದಪತ್ರಗಳು ಎಲ್ಲಿವೆ ಎಂದು ಹುಡುಕಿ. ಹೀಗೆ ಹುಡುಕಿದ್ದರಿಂದಲೇ ತೀರ್ಪು ತಿರುಗಿಬಿದ್ದ ಒಂದು ಪ್ರಸಂಗ ಹೇಳುತ್ತೇನೆ.

ಹ್ಯಾರಿಯೆಟ್ ಜೇಕಬ್ಸ್ ನಾರ್ತ್ ಕೆರೊಲಿನಾದ ಈಡೆಂಟನ್ ಎಂಬ ಊರಿನಲ್ಲಿ ಗುಲಾಮಳಾಗಿ ಹುಟ್ಟಿದಾಕೆ. ಒಡೆಯನ ಕಾಟ ತಾಳಲಾರದೆ ತಪ್ಪಿಸಿಕೊಂಡು, ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು 7 ವರ್ಷ ಅಡಗಿದ್ದಳು. ಅಟ್ಟ ಎಂದರೆ ನಮ್ಮ ಮನೆಗಳ ಅಟ್ಟದ ಹಾಗಲ್ಲ. 9 ಅಡಿ ಉದ್ದ, 7 ಅಡಿ ಅಗಲ, ಎತ್ತರದ ಕಡೆ ಬರೀ 3 ಅಡಿ. ಎದ್ದು ನಿಲ್ಲಲು ಆಗದು. ಕೆಳಗೆ ಸ್ವಂತ ಮಕ್ಕಳು ಆಡುವುದನ್ನು ಒಂದು ತೂತಿನಿಂದ ನೋಡುತ್ತಿದ್ದಳು. 1842ರಲ್ಲಿ ಉತ್ತರಕ್ಕೆ ಪಾರಾದಳು. ಆಕೆ ಬರೆದ ಈ ಕತೆ 1861ರಲ್ಲಿ ಬಾಸ್ಟನ್ನಿನಲ್ಲಿ ‘ಇನ್ಸಿಡೆಂಟ್ಸ್ ಇನ್ ದಿ ಲೈಫ್ ಆಫ್ ಎ ಸ್ಲೇವ್ ಗರ್ಲ್’ ಎಂಬ ಪುಸ್ತಕವಾಗಿ ಬಂತು. ಲೇಖಕಿಯ ಹೆಸರು ಮುಖಪುಟದಲ್ಲಿ ಇರಲಿಲ್ಲ, ಒಳಗೆ ಕತೆ ಹೇಳುವವಳು ‘ಲಿಂಡಾ ಬ್ರೆಂಟ್’. ಸಂಪಾದಕಿ ಎಂದು ಲಿಡಿಯಾ ಮರಿಯಾ ಚೈಲ್ಡ್ ಎಂಬ ಹೆಸರಾಂತ ಬಿಳಿಯ ಲೇಖಕಿಯ ಹೆಸರಿತ್ತು.

ಅಲ್ಲಿಗೆ ಮುಗಿಯಿತು. ಇದು ಚೈಲ್ಡ್ ಅವರೇ ಬರೆದ ಕಾದಂಬರಿ ಇರಬೇಕು ಎಂಬ ಅಭಿಪ್ರಾಯ ನೂರು ವರ್ಷಕ್ಕೂ ಮೇಲೆ ಓಡಾಡಿತು. ಗುಲಾಮರ ಬದುಕಿನ ಬಗ್ಗೆ ದೊಡ್ಡ ಕೆಲಸ ಮಾಡಿದ ಇತಿಹಾಸಕಾರ ಜಾನ್ ಬ್ಲಾಸಿಂಗೇಮ್ ಕೂಡ 1972ರಲ್ಲಿ, ಇದು ನಂಬಲರ್ಹವಲ್ಲ, ನಾಟಕೀಯತೆ ಹೆಚ್ಚಾಯಿತು ಎಂದು ಪಕ್ಕಕ್ಕಿಟ್ಟರು. ಅವರು ಸ್ವತಃ ಕರಿಯರು ಎಂಬುದನ್ನು ಮರೆಯಬೇಡಿ. ಪೂರ್ವಗ್ರಹ ಎಲ್ಲಿ ಕೂತಿರುತ್ತದೆ ಎಂದು ಚರ್ಮದ ಬಣ್ಣ ನೋಡಿ ಹೇಳಲಾಗುವುದಿಲ್ಲ. ಗುಲಾಮ ಹೆಣ್ಣೊಬ್ಬಳು ಇಷ್ಟು ಅಚ್ಚುಕಟ್ಟಾಗಿ ಬರೆಯಬಲ್ಲಳೇ ಎಂಬ ಅನುಮಾನಕ್ಕೆ ಹೆಣ್ಣು ಎಂಬುದೂ ಸೇರಿಕೊಂಡಿತ್ತು.

ಇದನ್ನು ಬಿಡಿಸಿದವರು ಜೀನ್ ಫೇಗನ್ ಯೆಲಿನ್ ಎಂಬ ಪ್ರಾಧ್ಯಾಪಕಿ. ಪುಸ್ತಕದ ಕೊನೆಯಲ್ಲಿ ಏಮಿ ಪೋಸ್ಟ್ ಎಂಬ ರಾಚೆಸ್ಟರಿನ ಹೆಂಗಸು ಹೆಸರು ಹಾಕಿ ಬರೆದ ಒಂದು ಸಾಕ್ಷಿಮಾತು ಇದೆ. ನೂರು ವರ್ಷ ಎಲ್ಲರ ಕಣ್ಣಮುಂದೆಯೇ ಇತ್ತು. ಆ ಪೋಸ್ಟ್ ಕುಟುಂಬದ ಕಾಗದಪತ್ರಗಳು ರಾಚೆಸ್ಟರ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಅದರಲ್ಲಿ ಜೇಕಬ್ಸ್ ತನ್ನ ಕೈಯಾರೆ ಬರೆದ ಪತ್ರಗಳಿದ್ದವು: ಮನೆಗೆಲಸ ಮುಗಿಸಿ ಕದ್ದುಮುಚ್ಚಿ ಪುಸ್ತಕ ಬರೆಯುತ್ತಿರುವುದು, ಹೇಳಲು ನಾಚಿಕೆಯಾಗುವ ಸಂಗತಿಗಳನ್ನು ಹೇಗೆ ಬರೆಯಲಿ ಎಂಬ ಸಂಕಟ, ಎಲ್ಲವೂ. ಕಾಗುಣಿತ ತಪ್ಪುಗಳಿವೆ, ಆದರೆ ದನಿ ಪುಸ್ತಕದ್ದೇ. ಯೆಲಿನ್ ಅಷ್ಟಕ್ಕೆ ನಿಲ್ಲಿಸದೆ ಈಡೆಂಟನ್ನಿನ ದಾಖಲೆಗಳಿಗೂ ಹೋದರು. ಪುಸ್ತಕದಲ್ಲಿ ‘ಡಾಕ್ಟರ್ ಫ್ಲಿಂಟ್’ ಆಗಿರುವವನು ಜೇಮ್ಸ್ ನಾರ್ಕಮ್ ಎಂಬ ವೈದ್ಯ ಎಂದು ತೋರಿಸಿದರು. ಓಡಿಹೋದ ಹ್ಯಾರಿಯೆಟ್ಟಳನ್ನು ಹಿಡಿದುಕೊಟ್ಟವರಿಗೆ 100 ಡಾಲರ್ ಎಂದು ಅವನು 1835ರಲ್ಲಿ ಕೊಟ್ಟ ಪತ್ರಿಕಾ ಜಾಹೀರಾತೂ ಇದೆ. 1981ರಲ್ಲಿ ಯೆಲಿನ್ ಅವರ ಲೇಖನ ಬಂತು, 1987ರಲ್ಲಿ ಅವರು ಸಂಪಾದಿಸಿದ ಆವೃತ್ತಿಯನ್ನು ಹಾರ್ವರ್ಡ್ ಪ್ರಕಟಿಸಿತು. ಆಮೇಲೆ ಯಾರೂ ಚೈಲ್ಡ್ ಹೆಸರು ಎತ್ತಲಿಲ್ಲ.

ಚೈಲ್ಡ್ ಪತ್ರಗಳೂ ಓದಬೇಕಾದವು. ಇಡೀ ಪುಸ್ತಕದಲ್ಲಿ ತಾನು ಬದಲಿಸಿದ ಪದಗಳು 50 ಕೂಡ ಆಗಲಾರವು ಎಂದು ಆಕೆ ಬರೆಯುತ್ತಾರೆ. ಆದರೆ ಗುಲಾಮಗಿರಿಯ ವಿರುದ್ಧ ಆಯುಧ ಎತ್ತಿದ ಜಾನ್ ಬ್ರೌನ್ ಕುರಿತ ಕೊನೆಯ ಅಧ್ಯಾಯವನ್ನು ಕೈಬಿಡುವಂತೆ ಸಲಹೆ ಕೊಟ್ಟವರೂ ಅವರೇ. ಅಜ್ಜಿಯ ಸಾವಿನೊಂದಿಗೆ ಮುಗಿಸಿ ಎಂದರು, ಹಾಗೇ ಮುಗಿಯಿತು. ಒಳ್ಳೆಯ ಮನಸ್ಸಿನ ಬಿಳಿಯ ಸಂಪಾದಕಿ ಕರಿಯ ಲೇಖಕಿಯ ಕೋಪವನ್ನು ಎಷ್ಟು ಮೆತ್ತಗೆ ಮಾಡಿದರು? ನಿಮ್ಮ ಪ್ರಬಂಧಕ್ಕೆ ಇದು ಪ್ರಶ್ನೆ. ‘ಸಾಹಿತ್ಯದಲ್ಲಿ ರೇಸಿಸಂ ಇದೆ’ ಎನ್ನುವುದು ಪ್ರಶ್ನೆಯಲ್ಲ, ಅದು ಎಲ್ಲರಿಗೂ ಗೊತ್ತು.

ಇದಕ್ಕೆಲ್ಲ ಅಮೆರಿಕಕ್ಕೆ ಹೋಗಬೇಕೇ? ನಮ್ಮ ಮೇಷ್ಟರುಗಳ ಕಾಲದಲ್ಲಿ ಹೈದರಾಬಾದಿಗಾದರೂ ಹೋಗಬೇಕಿತ್ತು. 1964ರಲ್ಲಿ ಶುರುವಾದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರಿನ ಲೈಬ್ರರಿ ಅಲ್ಲಿತ್ತು. ಈಗ ಬೇಕಾಗಿಲ್ಲ. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ‘ಡಾಕ್ಯುಮೆಂಟಿಂಗ್ ದಿ ಅಮೆರಿಕನ್ ಸೌತ್’ ತಾಣದಲ್ಲಿ ಜೇಕಬ್ಸ್ ಸೇರಿದಂತೆ ಗುಲಾಮರ ಆತ್ಮಕತೆಗಳು ಪೂರ್ತಿಯಾಗಿ, ಕಾಸಿಲ್ಲದೆ ಓದಲು ಸಿಗುತ್ತವೆ. ಹಳೆಯ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಕ್ರಾನಿಕ್ಲಿಂಗ್ ಅಮೆರಿಕಾ’. ಅಲ್ಲಿ ಆ ಕಾಲದ ಪದ ಹಾಕಬೇಕೆಂದು ಮೇಲೆ ಹೇಳಿದ್ದು ನೆನಪಿರಲಿ: ‘ಕಲರ್ಡ್’, ‘ಮುಲಾಟೊ’, ‘ರನ್‌ಅವೇ’. ಓದಲು ಹಿತವಲ್ಲ, ಗೊತ್ತು. ಸ್ಕ್ಯಾನ್ ಮಾಡಿದ ಪುಸ್ತಕಗಳ ತಾಣ ಹಾಥಿಟ್ರಸ್ಟಿನಲ್ಲಿ ಭಾರತದಿಂದ ಕೆಲವು ಪುಸ್ತಕಗಳು ತೆರೆಯುವುದಿಲ್ಲ, ಆದರೂ ಒಳಗೆ ಯಾವ ಪುಟದಲ್ಲಿ ಪದ ಇದೆ ಎಂದು ತೋರಿಸುತ್ತದೆ. ಪುಟಸಂಖ್ಯೆ ಸಿಕ್ಕರೆ ಉಳಿದದ್ದು ಲೈಬ್ರರಿಯವರ ಕೈಲಿ ತರಿಸಬಹುದು. ಜೆಸ್ಟೋರ್ ಎಂಬ ಸಂಶೋಧನಾ ಲೇಖನಗಳ ತಾಣದಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಬಹುದು. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾದರೆ 2025ರ ಜನವರಿಯಿಂದ ‘ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ ಸರ್ಕಾರಿ ಜರ್ನಲ್ ಚಂದಾ ಯೋಜನೆ ಕೂಡ ಇದೆ, ಲೈಬ್ರರಿಯಲ್ಲಿ ಕೇಳಿ. ಶೋಧಗಂಗಾ ತಾಣದ ಪಿಎಚ್.ಡಿ. ಪ್ರಬಂಧಗಳನ್ನು ನೋಡುವುದಾದರೆ ಕೊನೆಯ ಗ್ರಂಥಋಣ ಮಾತ್ರ ನೋಡಿ. ಒಳಗಿನದನ್ನು ಒಬ್ಬರಿಂದೊಬ್ಬರು ಎತ್ತಿಕೊಂಡಿರುವುದನ್ನು ಮೌಲ್ಯಮಾಪಕನಾಗಿ ಬಹಳ ಕಂಡಿದ್ದೇನೆ.

1936-38ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ರೈಟರ್ಸ್ ಪ್ರಾಜೆಕ್ಟಿನವರು ಹಿಂದೆ ಗುಲಾಮರಾಗಿದ್ದವರನ್ನು ಮಾತಾಡಿಸಿ ಬರೆದುಕೊಂಡ 2,300ಕ್ಕೂ ಹೆಚ್ಚು ನಿರೂಪಣೆಗಳೂ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿವೆ. ಅವನ್ನು ಕಣ್ಣುಮುಚ್ಚಿ ನಂಬಬೇಡಿ. ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರು. ಮುದುಕರು, ಬಡವರು, ಮನೆಬಾಗಿಲಿಗೆ ಸರ್ಕಾರದವರು ಬಂದಿದ್ದಾರೆ. ಒಡೆಯನ ಬಗ್ಗೆ ಕೆಟ್ಟದ್ದು ಹೇಳುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಉಚ್ಚಾರಣೆಯನ್ನು ವಿಚಿತ್ರ ಕಾಗುಣಿತದಲ್ಲಿ ಬರೆದದ್ದೂ ಕೇಳಿದವರ ಕಿವಿಯೇ ಹೊರತು ಹೇಳಿದವರ ಬಾಯಲ್ಲ.

ಇನ್ನೊಂದು ಎಚ್ಚರಿಕೆ ಆವೃತ್ತಿಯದು. ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ 1975ರಲ್ಲಿ ಆಮ್‌ಹರ್ಸ್ಟ್‌ನಲ್ಲಿ ಇಂಗ್ಲಿಷ್ ಕಾದಂಬರಿಕಾರ ಕಾನ್ರಾಡ್ ಕುರಿತು ಮಾಡಿದ ಪ್ರಸಿದ್ಧ ಭಾಷಣದಲ್ಲಿ ‘ಬ್ಲಡಿ ರೇಸಿಸ್ಟ್’ ಎಂದಿದ್ದರು. 1977ರಲ್ಲಿ ಪತ್ರಿಕೆಯಲ್ಲಿ ಅಚ್ಚಾದಾಗಲೂ ಹಾಗೇ ಇತ್ತು. 1988ರ ಪ್ರಬಂಧ ಸಂಕಲನದಲ್ಲಿ ಅದು ‘ಥರೋಗೋಯಿಂಗ್ ರೇಸಿಸ್ಟ್’ ಆಯಿತು. ಯಾವುದನ್ನು ಉಲ್ಲೇಖಿಸುತ್ತಿದ್ದೀರಿ ಎಂದು ಇಸವಿ ಹಾಕದಿದ್ದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಮಾರ್ಕ್ ಟ್ವೈನ್ ತೆಗೆದುಕೊಂಡರೆ ಇನ್ನೂ ಜೋಪಾನ: 2011ರಲ್ಲಿ ಬಂದ ಹಕಲ್‌ಬರಿ ಫಿನ್‌ನ ಒಂದು ಆವೃತ್ತಿಯಲ್ಲಿ ಕರಿಯರನ್ನು ಹೀಯಾಳಿಸುವ ಬೈಗುಳದ ಪದವನ್ನು ಎಲ್ಲ ಕಡೆಯೂ ತೆಗೆದು ‘ಸ್ಲೇವ್’ ಎಂದು ಹಾಕಿದ್ದಾರೆ. ಆ ಪಠ್ಯ ಹಿಡಿದು ಟ್ವೈನ್ ಭಾಷೆಯ ಬಗ್ಗೆ ಬರೆಯಲಾದೀತೇ?

ಜಾತಿಯೊಂದಿಗೆ ಹೋಲಿಸಬಹುದೇ ಎಂದೂ ಕೇಳಿದ್ದೀರಿ. ಬಹುದು, ಆದರೆ ಎರಡೂ ಒಂದೇ ಎಂದು ಒಂದು ಪ್ಯಾರಾದಲ್ಲಿ ಮುಗಿಸಬೇಡಿ. ಇಲ್ಲಿಯೂ ಕಾಗದ ಇದೆ. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕರಿಯ ಚಿಂತಕ ಡು ಬಾಯ್ಸ್ ಅವರಿಗೆ, ನೀಗ್ರೋ ಕಾಂಗ್ರೆಸ್ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕಳಿಸಿಕೊಡಿ ಎಂದು ಪತ್ರ ಬರೆದಿದ್ದರು. ಡು ಬಾಯ್ಸ್ ಜುಲೈ 31ರಂದು ಉತ್ತರಿಸಿದರು. ಎರಡೂ ಪತ್ರಗಳು ಅದೇ ಆಮ್‌ಹರ್ಸ್ಟಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೈಬ್ರರಿ ತಾಣದಲ್ಲಿ ಚಿತ್ರಸಹಿತ ಇವೆ, ಯಾರು ಬೇಕಾದರೂ ನೋಡಬಹುದು. ಈ ಎರಡು ಪತ್ರಗಳಿಂದ ಶುರು ಮಾಡಿದ ಹೋಲಿಕೆಗೆ ಕಾಲೂರಲು ನೆಲ ಇರುತ್ತದೆ.

ಪುಸ್ತಕ ಯಾವುದು ಎಂದು ನಿರ್ಧಾರವಾದ ಮೇಲೆ ಕೆಳಗೆ ಬರೆಯಿರಿ. ಜೇಕಬ್ಸ್ ಆದರೆ ಯೆಲಿನ್ ಅವರ ಆವೃತ್ತಿಯನ್ನೇ ಕೇಳಿ ತರಿಸಿಕೊಳ್ಳಿ. ಅದರ ಹಿಂಬದಿಯಲ್ಲಿ ಆ ಪತ್ರಗಳಲ್ಲಿ ಕೆಲವು ಅಚ್ಚಾಗಿವೆ, ಮೊದಲು ಅಲ್ಲಿಂದ ಓದಲು ಶುರು ಮಾಡಿ.