ಆಪ್ತಸಲಹೆ ಪ್ರಕರಣ: ಕಾರಿನ ಮುಂದಿನ ಸೀಟಿನಲ್ಲಿ ಕೂರಲಾಗದವರು

(ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರಿಗೆ ಮೂವತ್ತೈದರ ಆಸುಪಾಸು. ಹೆಂಡತಿಯೇ ಒತ್ತಾಯ ಮಾಡಿ ಕರೆತಂದಿದ್ದರು. ಎರಡು ವರ್ಷದ ಹಿಂದೆ, ರಾತ್ರಿ ಮಳೆಯಲ್ಲಿ ಅವರು ಕಾರು ಓಡಿಸುತ್ತಿದ್ದಾಗ ಎದುರಿನಿಂದ ಬಂದ ಲಾರಿ ರಸ್ತೆಯ ಈ ಬದಿಗೆ ನುಗ್ಗಿ ಗುದ್ದಿತ್ತು. ಪಕ್ಕದಲ್ಲಿ ಕೂತಿದ್ದ ಗೆಳೆಯ ಅಲ್ಲೇ ತೀರಿಕೊಂಡ. ಇವರ ಭುಜದ ಮೂಳೆ ಮುರಿದಿತ್ತು, ಕೆಲವು ತಿಂಗಳಲ್ಲಿ ಕೂಡಿಕೊಂಡಿತು.

ಉಳಿದದ್ದು ಕೂಡಿಕೊಳ್ಳಲಿಲ್ಲ. ಬ್ರೇಕ್ ಕಿರುಚಿದರೆ ಮೈಯೆಲ್ಲ ಬೆವರು. ಸುಟ್ಟ ರಬ್ಬರಿನ ವಾಸನೆ ಬಂದರೆ ಎಲ್ಲಿದ್ದೇನೆ ಅನ್ನುವುದೇ ಕ್ಷಣಕಾಲ ಮರೆತು ಹೋಗುತ್ತಿತ್ತು. ಕನಸಿನಲ್ಲಿ ಅದೇ ರಸ್ತೆ, ಅದೇ ಬೆಳಕು. ಕಾರಿನಲ್ಲಿ ಹೋಗಲೇಬೇಕಾದರೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಮಗ ಆಟಿಕೆ ಬೀಳಿಸಿದರೂ ರೇಗುತ್ತಿದ್ದರು. ಗೆಳೆಯನ ತಾಯಿ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ.

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ಒಂದೇ: "ಆ ದಿನವನ್ನ ತಲೆಯಿಂದ ಅಳಿಸಿ ಹಾಕೋಕೆ ಆಗುತ್ತಾ ಮೇಡಂ?"

ಆಗಲ್ಲ ಅಂತ ನೇರವಾಗಿ ಹೇಳಿದೆ. ಯಾವ ಚಿಕಿತ್ಸೆಯೂ ನೆನಪನ್ನು ಅಳಿಸುವುದಿಲ್ಲ. ಆದರೆ ಆ ನೆನಪು ಈಗಲೇ ನಡೆಯುತ್ತಿದೆ ಅನ್ನುವ ಹಾಗೆ ಮೇಲೆ ಬೀಳುವುದನ್ನು ನಿಲ್ಲಿಸಬಹುದು. ಅದು ಎಂದೋ ಆಗಿ ಹೋದದ್ದು ಅಂತ ಮೈಗೂ ಗೊತ್ತಾಗಬೇಕು. ನಾವಿಬ್ಬರೂ ಕೂತು ಮಾಡಬೇಕಾದ ಕೆಲಸ ಅದೇ ಅಂದೆ.

ನಾನು ಅವರಿಗೆ ಸೂಚಿಸಿದ್ದು ಕಣ್ಣಿನ ಚಲನೆಯ ಚಿಕಿತ್ಸೆ, ಅಂದರೆ ಇಎಂಡಿಆರ್. ಕೆಟ್ಟ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ, ಚಿಕಿತ್ಸೆ ಕೊಡುವವರು ಅತ್ತಿತ್ತ ಆಡಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ 1987ರಲ್ಲಿ ಒಂದು ಉದ್ಯಾನದಲ್ಲಿ ನಡೆಯುತ್ತಿದ್ದರು. ತನ್ನ ಕಣ್ಣು ಅತ್ತಿತ್ತ ಓಡಾಡಿದ ಮೇಲೆ ಕಾಡುತ್ತಿದ್ದ ಯೋಚನೆಯ ಬಿಸಿ ಕಡಿಮೆಯಾದದ್ದನ್ನು ಗಮನಿಸಿದರು. ಅಲ್ಲಿಂದ ಶುರುವಾಗಿ, 1989ರಲ್ಲಿ ಅವರ ಮೊದಲ ಅಧ್ಯಯನ ಪ್ರಕಟವಾಯಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಘಾತದ ನಂತರದ ಒತ್ತಡಕ್ಕೆ ದೊಡ್ಡವರಿಗೂ ಮಕ್ಕಳಿಗೂ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಇಷ್ಟು ಹೇಳಿದ ಮೇಲೂ ಅವರ ಮುಖದಲ್ಲಿ ಅನುಮಾನ ಇತ್ತು. ಬೆರಳು ನೋಡಿದರೆ ದುಃಖ ಹೋಗುತ್ತಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಸಂಶೋಧಕರಲ್ಲಿ ಹಲವರು ಒಪ್ಪುವ ವಿವರಣೆ ಹೀಗಿದೆ. ಒಂದು ಕ್ಷಣದಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. ಕೆಟ್ಟ ದೃಶ್ಯವನ್ನು ನೆನೆಯುತ್ತಲೇ ಕಣ್ಣಿನಿಂದ ಬೆರಳನ್ನು ಹಿಂಬಾಲಿಸಬೇಕಾದಾಗ ಎರಡಕ್ಕೂ ಪೂರ್ತಿ ಜಾಗ ಸಿಗುವುದಿಲ್ಲ. ದೃಶ್ಯ ಮಸುಕಾಗುತ್ತದೆ, ಅದರ ಜೊತೆಗಿನ ಭಯವೂ ಇಳಿಯುತ್ತದೆ. ಹಾಗೆ ಇಳಿದ ರೂಪದಲ್ಲೇ ಆ ನೆನಪು ಮತ್ತೆ ಒಳಗೆ ಹೋಗಿ ಕೂರುತ್ತದೆ. ಕಣ್ಣಿನ ಚಲನೆಯ ಪಾಲು ಎಷ್ಟು, ನೆನಪನ್ನು ಧೈರ್ಯವಾಗಿ ಎದುರಿಸುವುದರ ಪಾಲು ಎಷ್ಟು ಅನ್ನುವ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆಯುತ್ತಿದೆ. ಅದನ್ನೂ ಅವರಿಗೆ ಮುಚ್ಚಿಡಲಿಲ್ಲ.

ಮೊದಲ ಕೆಲವು ಭೇಟಿಗಳಲ್ಲಿ ಬೆರಳು ಎತ್ತಲೇ ಇಲ್ಲ. ನಿದ್ದೆ ಹೇಗಿದೆ, ಕುಡಿತ ಇದೆಯಾ, ಬದುಕೇ ಬೇಡ ಅನ್ನಿಸಿದ್ದುಂಟಾ, ಮಾತಾಡುತ್ತಲೇ ಎಲ್ಲೋ ಕಳೆದುಹೋದ ಹಾಗಾಗುತ್ತಾ ಅಂತ ಕೇಳಿ ತಿಳಿದುಕೊಂಡೆ. ಎಂಟು ಹಂತಗಳ ಈ ಚಿಕಿತ್ಸೆಯಲ್ಲಿ ಮೊದಲ ಎರಡು ಇವೇ: ಹಿನ್ನೆಲೆ ತಿಳಿಯುವುದು, ತಯಾರಿ ಮಾಡುವುದು. ಜನಕ್ಕೆ ಅವಸರ ಇರುತ್ತದೆ, ನನಗೆ ಅರ್ಥವಾಗುತ್ತದೆ. ಆದರೂ ತಯಾರಿ ಇಲ್ಲದೆ ಗಾಯ ಬಿಚ್ಚಬಾರದು. ಮನಸ್ಸು ತಣ್ಣಗಾಗುವ ಒಂದು ಜಾಗವನ್ನು ಕಣ್ಣ ಮುಂದೆ ತಂದುಕೊಳ್ಳುವುದನ್ನು ಅವರು ಅಭ್ಯಾಸ ಮಾಡಿದರು. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡವಾಗಿಟ್ಟು ಎಡ, ಬಲ ಅಂತ ಮೆಲ್ಲಗೆ ತಟ್ಟಿಕೊಳ್ಳುವ 'ಚಿಟ್ಟೆ ಅಪ್ಪುಗೆ'ಯನ್ನೂ ಕಲಿತರು. ಮೆಕ್ಸಿಕೋದಲ್ಲಿ ಚಂಡಮಾರುತದಿಂದ ಬದುಕುಳಿದವರ ಜೊತೆ ಕೆಲಸ ಮಾಡುವಾಗ, 1998ರಲ್ಲಿ, ಲುಸಿನಾ ಆರ್ಟಿಗಾಸ್ ರೂಪಿಸಿದ ವಿಧಾನ ಅದು.

ಆಮೇಲೆ ಆ ರಾತ್ರಿಯ ಅತಿ ಕೆಟ್ಟ ಚಿತ್ರವನ್ನು ಆರಿಸಲು ಹೇಳಿದೆ. ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿದ್ದ ಗೆಳೆಯನ ಕೈ ಅಂದರು. ಅದನ್ನು ನೆನೆದಾಗ ತಮ್ಮ ಬಗ್ಗೆ ಏನನ್ನಿಸುತ್ತದೆ ಅಂದದ್ದಕ್ಕೆ "ತಪ್ಪು ನನ್ನದೇ" ಅಂದರು. ಅದರ ಬದಲು ಏನನ್ನು ನಂಬಲು ಇಷ್ಟ? "ನನ್ನ ಕೈಲಾದದ್ದನ್ನ ಮಾಡಿದೆ." ಆ ಮಾತು ಎಷ್ಟು ನಿಜ ಅನ್ನಿಸುತ್ತದೆ ಅಂದರೆ 7ರಲ್ಲಿ 2. ಸಂಕಟ 10ರಲ್ಲಿ 9. ಮೈಯಲ್ಲಿ ಎಲ್ಲಿ? ದವಡೆ, ಎದೆ.

"ಲಾರಿಯದ್ದೇ ತಪ್ಪು ಅಂತ ತನಿಖೆಯಲ್ಲಿ ಬಂತು ಮೇಡಂ. ನಂಗೂ ಗೊತ್ತು. ಆದ್ರೆ ಎದೆ ಒಪ್ಪಲ್ಲ." ಈ ಮಾತು ನನಗೆ ಮುಖ್ಯ ಅನ್ನಿಸಿತು. ತಲೆಗೆ ಗೊತ್ತಿರುವುದು ಎದೆಗೆ ಇಳಿಯದೆ ಇರುವುದೇ ಆಘಾತದ ಗುಣ. ಸುತ್ತಲಿನವರು ಎಷ್ಟೇ ಸಮಾಧಾನ ಹೇಳಿದರೂ ಅದು ತಾಗುವುದಿಲ್ಲ.

ಬೆರಳನ್ನು ಅವರ ಕಣ್ಣ ಮುಂದೆ ಅತ್ತಿತ್ತ ಆಡಿಸಿದೆ. ಒಂದು ಸುತ್ತು ಅರ್ಧ ನಿಮಿಷದಷ್ಟು. ನಿಲ್ಲಿಸಿ, ಉಸಿರೆಳೆದು, "ಈಗ ಏನು ಬರ್ತಿದೆ?" ಅಂತ ಕೇಳುವುದು. ಬಂದದ್ದನ್ನು ನಾನು ತಿದ್ದುವುದಿಲ್ಲ, ಅರ್ಥ ಹೇಳುವುದೂ ಇಲ್ಲ. ಅದರ ಜೊತೆಗೇ ಮುಂದಿನ ಸುತ್ತು. ಸಾಕು ಅನ್ನಿಸಿದರೆ ಕೈ ಎತ್ತಬೇಕು, ತಕ್ಷಣ ನಿಲ್ಲಿಸುತ್ತೇನೆ ಅಂತ ಮೊದಲೇ ಮಾತಾಗಿತ್ತು. ಅವರು ಅತ್ತರು, ನಡುಗಿದರು. ಕೈ ಮಾತ್ರ ಎತ್ತಲಿಲ್ಲ. ಸಂಕಟ 9ರಿಂದ 5ಕ್ಕೆ ಇಳಿಯಿತು. ಅಲ್ಲೇ ನಿಂತಿತು. ಮುಂದಿನ ಭೇಟಿಯಲ್ಲೂ 5.

ಹೀಗೆ ಸಿಕ್ಕಿಕೊಂಡರೆ ಅದರ ಅಡಿಯಲ್ಲಿ ಹಳೆಯ ನೆನಪು ಏನಾದರೂ ಇದೆಯಾ ಅಂತ ಹುಡುಕುತ್ತೇವೆ. "ತಪ್ಪು ನನ್ನದೇ ಅಂತ ಮೊದಲ ಸಲ ಅನ್ನಿಸಿದ್ದು ಯಾವಾಗ?" ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮನ ಕಥೆ ಬಂತು. ಇವರು ಆಗ ಹತ್ತು ವರ್ಷದ ಹುಡುಗ. ಮನೆಯಲ್ಲಿ ಇಬ್ಬರೇ ಇದ್ದಾಗ ತಮ್ಮ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಿದ್ದ. ಅಪ್ಪ ಬಂದವರು ಹೇಳಿದ್ದು ಒಂದೇ ಮಾತು: "ನಿನ್ನ ನಂಬಿ ಬಿಟ್ಟು ಹೋಗಿದ್ನಲ್ಲೋ."

ಅಪ್ಪ ಕೆಟ್ಟವರಲ್ಲ, ಗಾಬರಿಯಲ್ಲಿ ಆಡಿದ ಮಾತು. ಆದರೆ ಮಗುವಿನ ಮನಸ್ಸಿನಲ್ಲಿ ಅದು ಹಾಗೇ ಉಳಿದಿತ್ತು. ಜೊತೆಗಿದ್ದವರಿಗೆ ಏನೇ ಆದರೂ ಅದಕ್ಕೆ ತಾನೇ ಹೊಣೆ ಅಂತ. ಅಪಘಾತದ ರಾತ್ರಿ ಅದರ ಮೇಲೆ ಬಂದು ಕೂತಿತ್ತು. ನಾವು ಮೆಟ್ಟಿಲಿನ ನೆನಪನ್ನೇ ಮೊದಲು ತೆಗೆದುಕೊಂಡೆವು. ಕೆಲವು ಸುತ್ತು ಆದ ಮೇಲೆ ಅವರೇ ಹೇಳಿದರು, "ಅವನೂ ಮಗು, ನಾನೂ ಮಗುನೇ ಆಗಿದ್ನಲ್ಲ ಮೇಡಂ." ನಾನು ಹೇಳಿಕೊಟ್ಟ ಮಾತಲ್ಲ ಅದು. ಹೇಳಿಕೊಟ್ಟಿದ್ದರೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಲೂ ಇರಲಿಲ್ಲ.

ಮತ್ತೆ ಅಪಘಾತಕ್ಕೆ ಬಂದಾಗ ಸಂಕಟ 1ಕ್ಕೆ ಇಳಿಯಿತು. "ಕೈಲಾದದ್ದನ್ನ ಮಾಡಿದೆ" ಅನ್ನುವ ಮಾತು 6ಕ್ಕೆ ಏರಿತು. ಡ್ಯಾಶ್‌ಬೋರ್ಡಿನ ಚಿತ್ರ ಈಗಲೂ ಇದೆ, ಆದರೆ ದೂರದ್ದು ಅನ್ನಿಸುತ್ತದೆ ಅಂದರು. ದುಃಖ ಪೂರ್ತಿ ಹೋಗಲಿಲ್ಲ. ಹೋಗಬೇಕಾಗಿಯೂ ಇಲ್ಲ, ಗೆಳೆಯ ಸತ್ತದ್ದು ನಿಜ ತಾನೆ. ಅಷ್ಟು ದಿನ ಅಪರಾಧದ ಭಾವ ಆ ದುಃಖಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ಗೆಳೆಯನ ತಾಯಿಗೆ ಅವರೇ ಫೋನ್ ಮಾಡಿದರು.

ಅವರಿಗೆ ಕೊಟ್ಟ ಸಲಹೆಗಳನ್ನು ಇಲ್ಲಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗವಾಗಬಹುದು. ಈ ಭೇಟಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, ಮುಗಿದ ಮೇಲೆ ಸುಸ್ತಾಗುತ್ತದೆ. ಆ ದಿನ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ, ದೊಡ್ಡ ನಿರ್ಧಾರವೂ ಬೇಡ. ಎರಡು ಮೂರು ದಿನ ಕನಸು ಜಾಸ್ತಿ ಆಗಬಹುದು, ಹೊಸ ನೆನಪು ಬರಬಹುದು. ಒಂದೆರಡು ಸಾಲು ಬರೆದಿಟ್ಟು ಮುಂದಿನ ಭೇಟಿಗೆ ತನ್ನಿ, ಒಬ್ಬರೇ ಕೂತು ಅದನ್ನು ಕೆದಕಬೇಡಿ. ಮೊಬೈಲಿನಲ್ಲಿ ಚುಕ್ಕೆ ಓಡುವ ವಿಡಿಯೋ ನೋಡಿ ನೀವೇ ಮಾಡಿಕೊಳ್ಳುವುದಂತೂ ಬೇಡವೇ ಬೇಡ. ನೆನಪು ತೆರೆದುಕೊಂಡಾಗ ಹಿಡಿಯಲು ಎದುರಿಗೆ ಒಬ್ಬರು ಇರಬೇಕು. ಅವರ ಹೆಂಡತಿಗೆ ಹೇಳಿದ್ದು ಇಷ್ಟೇ: ಇವತ್ತು ಏನಾಯ್ತು ಅಂತ ಕೇಳಬೇಡಿ, ಸುಮ್ನೆ ಜೊತೆಗಿರಿ.

ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಒಂದು ಅಪಘಾತದ ನೆನಪು ಬೇರೆ, ವರ್ಷಗಟ್ಟಲೆ ಹೊಡೆತ ತಿಂದವರ ನೆನಪುಗಳೇ ಬೇರೆ. ಅಂಥವರಿಗೆ ತಯಾರಿಯೇ ಎಷ್ಟೋ ತಿಂಗಳು ಹಿಡಿಯುತ್ತದೆ. ಕಣ್ಣಿನ ತೊಂದರೆ, ಮೂರ್ಛೆ ರೋಗ, ಈಗ ನುಂಗುತ್ತಿರುವ ಮಾತ್ರೆ, ಇದನ್ನೆಲ್ಲ ಮೊದಲೇ ತಿಳಿಸಿ. ಕಣ್ಣು ಆಡಿಸಲು ಆಗದವರಿಗೆ ಅಂಗೈ ಮೇಲೆ ತಟ್ಟುವ ಅಥವಾ ಎರಡು ಕಿವಿಗೆ ಸರದಿಯಲ್ಲಿ ಸದ್ದು ಕೇಳಿಸುವ ದಾರಿ ಇದೆ. ಬದುಕು ಬೇಡ ಅನ್ನಿಸುತ್ತಿದ್ದರೆ ಇದಕ್ಕೆ ಕಾಯಬೇಡಿ, ಇವತ್ತೇ ಮನೋವೈದ್ಯರನ್ನು ನೋಡಿ. ಚಿಕಿತ್ಸೆ ಕೊಡುವವರನ್ನು ಆರಿಸುವಾಗ ಇದರಲ್ಲಿ ತರಬೇತಿ ಆಗಿದೆಯಾ ಅಂತ ಸಂಕೋಚವಿಲ್ಲದೆ ಕೇಳಿ. ಮೊದಲ ದಿನವೇ, ನಿಮ್ಮ ಬಗ್ಗೆ ಏನೂ ಕೇಳದೆ, ಬೆರಳು ಆಡಿಸಲು ಶುರು ಮಾಡಿದರೆ ಎದ್ದು ಬನ್ನಿ.

ಇವರ ವಿಷಯದಲ್ಲಿ ಇನ್ನು ಉಳಿದಿರುವುದು ಮುಂದಿನ ದಿನಗಳ ಕೆಲಸ. ಮುಂದಿನ ಸೀಟಿನಲ್ಲಿ ಈಗ ಕೂರುತ್ತಾರೆ, ಹಗಲು ಹೊತ್ತು ಹತ್ತಿರದ ದಾರಿಯಲ್ಲಿ ತಾವೇ ಓಡಿಸುತ್ತಾರೆ. ಮಳೆಯ ರಾತ್ರಿ ಇನ್ನೂ ಆಗಿಲ್ಲ. ಈಗ ಅದನ್ನೇ ಮನಸ್ಸಿನಲ್ಲಿ ಮೊದಲು ಓಡಿಸಿ ನೋಡುತ್ತಿದ್ದೇವೆ: ಮಳೆ, ಎದುರಿನ ಬೆಳಕು, ಸ್ಟೀರಿಂಗ್ ಮೇಲೆ ಅವರ ಕೈ. ಎಲ್ಲಿ ಎದೆ ಬಿಗಿಯುತ್ತದೋ ಅಲ್ಲಿ ನಿಲ್ಲಿಸಿ ಒಂದು ಸುತ್ತು ಮಾಡುತ್ತೇವೆ.