ಲಾವೊಕೂನನ ಬಲಗೈ
ಹಾವುಗಳ ಹಿಡಿತದಲ್ಲಿ ಒದ್ದಾಡುವ ಟ್ರಾಯ್‌ನ ಪುರೋಹಿತ ಲಾವೊಕೂನನ ಪ್ರಾಚೀನ ಅಮೃತಶಿಲೆಯ ಶಿಲ್ಪದ ಹಳೆಯ ಚಿತ್ರಗಳಲ್ಲಿ ಆತನ ಬಲಗೈ ಮೇಲಕ್ಕೆ ಚಾಚಿದೆ, ಈಗಿನ ಫೋಟೋಗಳಲ್ಲಿ ತಲೆಯ ಹಿಂದಕ್ಕೆ ಮಡಚಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಮಡಚಿದ್ದೇ ಸರಿ. 1506ರಲ್ಲಿ ರೋಮಿನ ದ್ರಾಕ್ಷಿ ತೋಟವೊಂದರ ನೆಲದಡಿ ಈ ಶಿಲ್ಪ ಸಿಕ್ಕಾಗ ಆ ತೋಳೇ ಇರಲಿಲ್ಲ. ಆಗಲೇ ಹೋಗಿ ನೋಡಿದವರಲ್ಲಿ ಮೈಕೆಲ್ಯಾಂಜೆಲೊ ಕೂಡ ಒಬ್ಬ. ಮುಂದೆ ದುರಸ್ತಿ ಮಾಡಿದವರು ಚಾಚಿದ ತೋಳನ್ನು ಜೋಡಿಸಿದರು. ನಂತರದ ಕಲಾವಿದರು ಅದನ್ನೇ ನೋಡಿ ನಕಲು ಮಾಡುತ್ತಾ ಬಂದರು. ಮೂಲದ್ದೆಂದು ನಂಬಲಾದ ಮಡಚಿದ ತೋಳನ್ನು ಪುರಾತತ್ವಜ್ಞ ಲುಡ್ವಿಗ್ ಪೊಲಾಕ್ ಗುರುತಿಸಿದ್ದು 1906ರಲ್ಲಿ, ಶಿಲ್ಪಕ್ಕೆ ಕೂಡಿಸಿದ್ದು ಇನ್ನೂ ಅರ್ಧ ಶತಮಾನದ ಮೇಲೆ.

ನೀವು ಚಿತ್ರ ಬರೆಯುವವರಾದರೆ ಹದಿನೇಳನೇ ಶತಮಾನದ ಫ್ಲೆಮಿಶ್ ಚಿತ್ರಕಾರ ರೂಬೆನ್ಸ್ ಕಪ್ಪು ಚಾಕ್‌ನಲ್ಲಿ ಮಾಡಿದ ಲಾವೊಕೂನನ ಅಭ್ಯಾಸಚಿತ್ರಗಳನ್ನು ದಯವಿಟ್ಟು ನೋಡಿ. ಉಬ್ಬಿದ ಎದೆ, ಒಳಗೆಳೆದುಕೊಂಡ ಹೊಟ್ಟೆ, ಎಲ್ಲವೂ ಉಸಿರಾಡುವ ಮೈಯಂತಿವೆ. ಪ್ರತಿಮೆಗಳಿಂದ ಕಲಿಯಬೇಕು, ಆದರೆ ಚಿತ್ರದಲ್ಲಿ ಕಲ್ಲಿನ ವಾಸನೆ ಬರಬಾರದು ಎಂಬುದು ಆತನ ನಿಲುವಾಗಿತ್ತು.